ಕಾಯುವ ಯಂತ್ರ, ಕೈಕೊಡುವ ತಂತಿ

ಆಲೂರು, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರಿಗೆ ಈ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಫೇಸಿನ ಮೋಟರಿಗೆ ಬರುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡು ಅದಲುಬದಲಾದರೆ ಮೋಟರು ಹಿಮ್ಮುಖವಾಗಿ ತಿರುಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತುಂಡಾದ ಲೈನನ್ನು ಯಾರೋ ಜೋಡಿಸಿ ಹೋಗಿರುತ್ತಾರೆ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕಲು ಹೊರಟಾಗ ಮೋಟರು ಸದ್ದು ಮಾಡುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಕರೆಂಟು ಇದೆ, ಮೋಟರು ಸುಟ್ಟಿಲ್ಲ, ತಂತಿ ಹರಿದಿಲ್ಲ. ತಪ್ಪಿರುವುದು ಜೋಡಣೆಯ ಕ್ರಮದಲ್ಲಿ. ನಮ್ಮಲ್ಲಿ ಅದು ಅರ್ಧ ದಿನದ ಕಿರಿಕಿರಿ, ಅಷ್ಟೆ. ಇಂಥದೇ ತಪ್ಪು ಒಂದು ಪರಮಾಣು ವಿದ್ಯುತ್ ಸ್ಥಾವರದೊಳಗೂ ನುಸುಳಿತ್ತೆಂದು ಓದಿದಾಗ ನನಗೆ ಬೆರಗಾಯಿತು.

ಆ ಸ್ಥಾವರ ಸ್ವೀಡನ್ ದೇಶದ ಫೋರ್ಸ್‌ಮಾರ್ಕ್. 2006ರ ಜುಲೈ 25ರಂದು ಹೊರಗಿನ 400 ಕಿಲೋವೋಲ್ಟ್ ಸ್ವಿಚ್‌ಯಾರ್ಡಿನಲ್ಲಿ ದುರಸ್ತಿ ಕೆಲಸ ನಡೆದಿದ್ದಾಗ ಶಾರ್ಟ್ ಸರ್ಕ್ಯೂಟ್ ಆಗಿ, ಮೊದಲನೆಯ ಘಟಕ ಗ್ರಿಡ್‌ನಿಂದ ಕಳಚಿಕೊಂಡಿತು. ಆವರ್ತನ ಕುಸಿದಾಗ ಜನರೇಟರುಗಳನ್ನು ತಕ್ಷಣ ಬೇರ್ಪಡಿಸಬೇಕಾಗಿದ್ದ ರಕ್ಷಣಾ ರಿಲೇಗಳು ಹೇಳಿದಂತೆ ಕೇಳಲಿಲ್ಲ. 2005ರಲ್ಲಿ ಅವುಗಳನ್ನು ಹೊಸದಾಗಿ ಅಳವಡಿಸಿದಾಗ ಫೇಸುಗಳ ಕ್ರಮವೇ ತಪ್ಪಿತ್ತು. ಒಂದು ವರ್ಷದವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಇದರ ಜೊತೆಗೆ ಇನ್ನೊಂದು ಎಡವಟ್ಟು. ವೋಲ್ಟೇಜಿನ ಏರಿಳಿತಕ್ಕೆ ನಾಲ್ಕು ಯುಪಿಎಸ್‌ಗಳಲ್ಲಿ ಎರಡು ನಿಂತುಹೋದವು. ನಾಲ್ಕು ಡೀಸೆಲ್ ಜನರೇಟರುಗಳೂ ಚಾಲೂ ಆದವು, ಆದರೆ ಆ ಎರಡು ಯುಪಿಎಸ್‌ಗಳನ್ನು ನಂಬಿಕೊಂಡಿದ್ದ ಎರಡು ಜನರೇಟರುಗಳ ವಿದ್ಯುತ್ತು ಸ್ಥಾವರಕ್ಕೆ ತಲುಪಲಿಲ್ಲ. ಎಂಜಿನ್ ಓಡುತ್ತಿದೆ, ಫಲವಿಲ್ಲ! ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಸಿಬ್ಬಂದಿ ಕೈಯಿಂದಲೇ ಸ್ವಿಚ್ ಹಾಕಿ ಪರಿಸ್ಥಿತಿಯನ್ನು ಸರಿಪಡಿಸಿದರು.

ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಕ್ಕೇ ವಿದ್ಯುತ್ತಿನ ಚಿಂತೆ ಏಕೆ ಎಂದು ಕೇಳಬಹುದು. ನಮ್ಮ ಬಚ್ಚಲೊಲೆಯನ್ನು ನೆನೆದುಕೊಳ್ಳಿ. ಕೊಳ್ಳಿಯನ್ನೆಲ್ಲ ಹೊರಗೆಳೆದರೂ ಕೆಂಡದ ಕಾವಿಗೆ ಹಂಡೆಯ ನೀರು ಕಾಯುತ್ತಲೇ ಇರುತ್ತದೆ. ರಿಯಾಕ್ಟರೂ ಹಾಗೆಯೇ. ವಿದಳನ ಕ್ರಿಯೆಯನ್ನು ನಿಲ್ಲಿಸಿದ ಕ್ಷಣದಲ್ಲಿಯೂ ಪೂರ್ಣ ಶಾಖದ ಶೇಕಡ 6ರಷ್ಟು ಉಳಿದಿರುತ್ತದೆ. ನಮ್ಮ ದೇಶದ 220 ಮೆಗಾವ್ಯಾಟ್ ಘಟಕದಲ್ಲಿ ಒಟ್ಟು ಶಾಖವೇ ಸುಮಾರು 750 ಮೆಗಾವ್ಯಾಟ್. ಅದರ ಶೇಕಡ 6 ಎಂದರೆ 45 ಮೆಗಾವ್ಯಾಟ್. ಗಂಟೆಗಳು ಕಳೆದಂತೆ ಅದು ಇಳಿಯುತ್ತದೆ, ಆದರೆ ಕೆಂಡಕ್ಕೆ ನೀರು ಚಿಮುಕಿಸಿ ನಂದಿಸಿದ ಹಾಗೆ ಇದನ್ನು ನಂದಿಸಲು ಬರುವುದಿಲ್ಲ. ದಿನಗಟ್ಟಲೆ ನೀರು ಹರಿಸಿ ತಣಿಸಬೇಕು. ಅದಕ್ಕಾಗಿ ನಮ್ಮ ಸ್ಥಾವರಗಳಲ್ಲಿ ವಿದ್ಯುತ್ತನ್ನು ನಾಲ್ಕು ವರ್ಗ ಮಾಡಿರುತ್ತಾರೆ. ನಾಲ್ಕನೆಯ ವರ್ಗ ಗ್ರಿಡ್ ಮತ್ತು ಸ್ವಂತ ಟರ್ಬೈನಿನದು, ಮೂರನೆಯದು ಡೀಸೆಲ್ ಜನರೇಟರಿನದು, ಎರಡನೆಯದು ಎಡೆಬಿಡದೆ ಒದಗುವ ಪರ್ಯಾಯ ವಿದ್ಯುತ್ತು, ಮೊದಲನೆಯದು ಬ್ಯಾಟರಿ. ಒಂದು ಹೋದರೆ ಇನ್ನೊಂದು ಇರಲಿ ಎಂಬ ಏರ್ಪಾಡು.

ಈ ನಾಲ್ಕೂ ಒಟ್ಟಿಗೆ ಹೋದ ರಾತ್ರಿ ಭಾರತದಲ್ಲಿಯೇ ಒಂದಿದೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ, ಗಂಗೆಯ ದಂಡೆಯ ಮೇಲಿರುವ ನರೋರಾ ಸ್ಥಾವರದಲ್ಲಿ, 1993ರ ಮಾರ್ಚ್ 31ರ ನಸುಕಿನ ಮೂರೂವರೆಗೆ ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದು ಹಾರಿದವು. ತೂಕ ತಪ್ಪಿದ ಯಂತ್ರ ಅದುರಿ, ಜನರೇಟರನ್ನು ತಂಪಾಗಿಡುವ ಜಲಜನಕ ಅನಿಲ ಸೋರಿ ಬೆಂಕಿ ಹತ್ತಿತು, ಎಣ್ಣೆಯೂ ಉರಿಯಿತು. ಸಿಬ್ಬಂದಿ ಒಂದು ನಿಮಿಷದೊಳಗೆ ರಿಯಾಕ್ಟರನ್ನು ನಿಲ್ಲಿಸಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬೆಂಕಿ ಕೇಬಲ್ಲುಗಳ ಹಾದಿ ಹಿಡಿಯಿತು. ಒಂದಕ್ಕೊಂದು ಬದಲಿಯಾಗಿ ಇರಬೇಕಾಗಿದ್ದ ವಿದ್ಯುತ್ ಮತ್ತು ನಿಯಂತ್ರಣ ಕೇಬಲ್ಲುಗಳು ನಡುವೆ ತಕ್ಕ ಬೆಂಕಿತಡೆಯಿಲ್ಲದೆ ಒಂದೇ ಹಾದಿಯಲ್ಲಿ ಸಾಗಿದ್ದವು. ಕೆಲವೇ ನಿಮಿಷಗಳಲ್ಲಿ ಡೀಸೆಲ್ ಜನರೇಟರಿನ ವಿದ್ಯುತ್ತಾಗಲಿ, ಬ್ಯಾಟರಿಯ ವಿದ್ಯುತ್ತಾಗಲಿ ಬೇಕಾದಲ್ಲಿಗೆ ತಲುಪದ ಸ್ಥಿತಿ ಬಂದಿತು. ಲೆಕ್ಕಕ್ಕೆ ನಾಲ್ಕು ದಾರಿ, ಬೆಂಕಿಗೆ ಒಂದೇ.

ಆ ಕತ್ತಲೆ ಸುಮಾರು 17 ಗಂಟೆಗಳ ಕಾಲ ಇತ್ತು. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನು ಬಿಟ್ಟು ಹೊರಬರಬೇಕಾಯಿತು. ರಿಯಾಕ್ಟರಿನ ಸ್ಥಿತಿಯನ್ನು ತೋರಿಸುವ ಮಾಪಕಗಳಿಲ್ಲ. ಆಗ ನೆರವಿಗೆ ಬಂದದ್ದು ಬೆಂಕಿ ನಂದಿಸಲೆಂದು ಇಟ್ಟಿದ್ದ ಪಂಪುಗಳು. ಅವು ನೇರವಾಗಿ ಡೀಸೆಲ್ ಎಂಜಿನ್ನಿನಿಂದಲೇ ತಿರುಗುವಂಥವು, ವಿದ್ಯುತ್ತಿನ ಹಂಗಿಲ್ಲ. ಅವುಗಳ ನೀರನ್ನೇ ಹಬೆ ಉತ್ಪಾದಕಗಳಿಗೆ ಹಾಯಿಸಿದರು. ಒಳಗಿನ ಭಾರಜಲ ಬಿಸಿಯಾದದ್ದು ಮೇಲೇರಿ, ತಣಿದದ್ದು ಕೆಳಗಿಳಿದು, ತನ್ನಷ್ಟಕ್ಕೆ ಹರಿಯುತ್ತ ಇಂಧನದ ಕಾವನ್ನು ಹೊತ್ತು ತಂದಿತು. ಕಾವು ಸಾಗುವ ಬಗೆಯನ್ನು ಎಂಟನೆಯ ತರಗತಿಯಲ್ಲಿ ನೀರಿಗೆ ಬಣ್ಣದ ಹರಳು ಹಾಕಿ ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು, ಅದೇ ತತ್ತ್ವ. ವಿದಳನ ಮತ್ತೆ ಆರಂಭವಾಗದಿರಲೆಂದು ಕೆಲವು ನೌಕರರು ಟಾರ್ಚ್ ಹಿಡಿದು ಮೇಲಕ್ಕೆ ಹತ್ತಿ, ಕವಾಟಗಳನ್ನು ಕೈಯಿಂದ ತಿರುಗಿಸಿ, ಬೋರಾನ್ ದ್ರಾವಣವನ್ನು ಕೆಳಗೆ ಬಿಟ್ಟರು. ವಿಕಿರಣ ಹೊರಬೀಳಲಿಲ್ಲ. ಅಂತರರಾಷ್ಟ್ರೀಯ ಮಾಪನದಲ್ಲಿ ಈ ಘಟನೆಗೆ ಮೂರನೆಯ ಹಂತ ಕೊಟ್ಟರು, ಫೋರ್ಸ್‌ಮಾರ್ಕಿಗೆ ಎರಡು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಇದು ಯಾರೂ ಊಹಿಸದ ಆಪತ್ತಾಗಿರಲಿಲ್ಲ. ಹದಿನೆಂಟು ವರ್ಷ ಮೊದಲು, 1975ರ ಮಾರ್ಚ್ 22ರಂದು, ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗೋಡೆಯ ರಂಧ್ರದಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೋಡಲು ಕೆಲಸಗಾರನೊಬ್ಬ ಮೇಣದಬತ್ತಿ ಹಿಡಿದಿದ್ದ. ರಂಧ್ರಕ್ಕೆ ತುರುಕಿದ್ದ ಫೋಮಿಗೆ ಬೆಂಕಿ ತಗುಲಿ 1,600ಕ್ಕೂ ಹೆಚ್ಚು ಕೇಬಲ್ಲುಗಳು ಸುಟ್ಟವು. ಒಂದರ ಬದಲಿಗಿರುವ ಇನ್ನೊಂದು ಕೇಬಲ್ಲನ್ನು ಅದರ ಮಗ್ಗುಲಲ್ಲೇ ಹಾಕಬಾರದೆಂಬುದನ್ನು ಜಗತ್ತು ಅಂದೇ ಕಲಿತಿತ್ತು. ನರೋರಾದ ಮೊದಲನೆಯ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1991ರಲ್ಲಿ. ಟರ್ಬೈನಿನ ಅಲಗುಗಳಲ್ಲಿ ಬಿರುಕು ಬರಬಹುದೆಂಬ ಎಚ್ಚರಿಕೆಯೂ ಮೊದಲೇ ಬಂದಿತ್ತೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಮುಂದೆ ಬರೆದರು. ಕಲಿತದ್ದನ್ನು ಮರೆತದ್ದಕ್ಕಿಂತ, ಕಲಿತವರ ಪಾಠ ನಮ್ಮಲ್ಲಿಗೆ ತಲುಪಲು ನಮ್ಮ ಮನೆಯೇ ಸುಡಬೇಕಾಯಿತಲ್ಲ ಎಂಬುದು ನನ್ನ ವ್ಯಥೆ.

ಇದು ನಮ್ಮ ಕನ್ನಡನಾಡಿಗೂ ಸಂಬಂಧಿಸಿದ ವಿಷಯ. ಬಿಸಿಲೆಯ ಕಾಡಿನಿಂದ ಉತ್ತರಕ್ಕೆ ಇದೇ ಘಟ್ಟಸಾಲನ್ನು ಹಿಡಿದು ಹೋದರೆ ಕಾಳಿ ನದಿಯ ದಡದಲ್ಲಿ ಕೈಗಾ ಸಿಗುತ್ತದೆ. ನರೋರಾ ಹೊತ್ತಿಕೊಂಡಾಗ ಕೈಗಾದ ಮೊದಲ ಎರಡು ಘಟಕಗಳು ಕಟ್ಟಡದ ಹಂತದಲ್ಲಿದ್ದವು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿ ಸೋತಿದ್ದರು. ಬೇಕೆಂದು ವಾದಿಸಿದವರಲ್ಲಿ ರಾಜಾ ರಾಮಣ್ಣ, ಎಂ. ಆರ್. ಶ್ರೀನಿವಾಸನ್‌ರಂತಹ ಕನ್ನಡಿಗರೇ ಇದ್ದರು. ಕಾಡು, ವಿಕಿರಣ, ಭೂಕಂಪಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಓದಿದೆವು. ಕೇಬಲ್ಲುಗಳ ಹಾದಿಯ ಬಗ್ಗೆ ಯಾವ ಪಕ್ಷದವರೂ ಮಾತನಾಡಿದ್ದು ನನಗೆ ನೆನಪಿಲ್ಲ. ನರೋರಾದ ಬಳಿಕ ಕೇಬಲ್ಲುಗಳನ್ನು ಬೇರ್ಪಡಿಸುವುದು, ನಡುವೆ ಬೆಂಕಿತಡೆ ಕಟ್ಟುವುದು, ಅಲಗುಗಳನ್ನು ಬದಲಿಸುವುದು ದೇಶದ ಇತರ ಸ್ಥಾವರಗಳಲ್ಲೂ ನಡೆಯಿತು. 1994ರ ಮೇ 13ರಂದು ಕೈಗಾದ ಗುಮ್ಮಟದ ಒಳಮೈ ಕಾಂಕ್ರೀಟು ಕುಸಿದು ಕೆಲಸ ತಡವಾಯಿತು. ಕೊನೆಗೆ 2000ದಲ್ಲಿ ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮುಂದೆ ಮೊದಲನೆಯ ಘಟಕವು 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿತು. ಇನ್ನೂ ಎರಡು, ತಲಾ 700 ಮೆಗಾವ್ಯಾಟಿನ ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ.

ದಾಖಲೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತು. ಕರೆಯಲಿ ಎಂದು ಕಾದುಕೊಂಡಿರುವ ಡೀಸೆಲ್ ಜನರೇಟರುಗಳನ್ನು ಆಗಾಗ ಚಾಲೂ ಮಾಡಿ ನೋಡುವವರು, ತಂತಿ ಬಿಚ್ಚಿ ಜೋಡಿಸಿದ ಮೇಲೆ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವವರು ಸುದ್ದಿಯಾಗುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ಕೆಲಸದಲ್ಲಿ ತೊಡಗಿರುವವರು ಯಾರಾದರೂ ಇದ್ದರೆ, ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ಬಿಡುವು ಮಾಡಿಕೊಂಡು ನಾಲ್ಕು ಸಾಲು ಬರೆಯಿರಿ.