ಇಲಿಯ ಕಣಜವೂ ನಮ್ಮ ಪಂಕ್ತಿಯೂ

ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಬಳಿಕ ನಾನು ವಿಜಯಪುರದಲ್ಲಿ ಮಗನ ಸಂಗಡ, ಹನ್ನೆರಡು ಒಕ್ಕಲುಗಳುಳ್ಳ ಬಹುಮಹಡಿಯ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ ವಾಸವಾಗಿರುವೆನು. ಹೋದ ವರ್ಷ ಸುಗ್ಗಿ ತೀರಿದ ಮೇಲೆ ಬಬಲೇಶ್ವರದ ನನ್ನ ಬಾಲ್ಯಮಿತ್ರರೊಬ್ಬರು ತಮ್ಮ ಹೊಲದ ಬಿಳಿಜೋಳದ ಒಂದು ಚೀಲವನ್ನು ಪ್ರೀತಿಯಿಂದ ಕಳಿಸಿಕೊಟ್ಟರು. ಎಂಟು ದಿನಗಳೊಳಗಾಗಿ ಚೀಲದ ಮೂಲೆ ಹರಿದಿತ್ತು. ಹದಿನೈದು ದಿನಗಳೊಳಗಾಗಿ ನೆರೆಯವರ ಅಡಿಗೆಯ ಕೋಣೆಯಲ್ಲಿಯೂ ಇಲಿ ಕಾಣಿಸಿಕೊಂಡಿತು. ಒಕ್ಕಲುಗಳೆಲ್ಲರೂ ಮಾಳಿಗೆಯ ಮೇಲೆ ಸಭೆ ಸೇರಿ, ಊರ ಕಡೆಯಿಂದ ಧಾನ್ಯದ ಚೀಲಗಳನ್ನು ಯಾರೂ ತರಿಸತಕ್ಕದ್ದಲ್ಲವೆಂದು ಗೊತ್ತುಮಾಡಿದರು. ಮಾತೇನೋ ಸಭ್ಯವಾಗಿಯೇ ಇದ್ದಿತು. ಆದರೆ ಎಲ್ಲರ ದೃಷ್ಟಿಯೂ ನನ್ನ ಮೇಲೆಯೇ ಇದ್ದಿತು. ನಾನು ಸಮ್ಮತಿಸಿ ಕೆಳಗಿಳಿದು ಬಂದೆನು. ಇಲಿ ಬಂದುದೂ ಮಿತ್ರನು ನೆನೆದುದೂ ಒಂದೇ ಜೋಳದ ನಿಮಿತ್ತದಿಂದಲ್ಲವೆ ಎಂಬ ವಿಚಾರವು ಆ ರಾತ್ರಿ ನನ್ನನ್ನು ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಈ ನಂಟು ಎಷ್ಟು ಹಳೆಯದೆಂಬುದನ್ನು ಕುರಿತು ನಾನು ಓದಿದುದನ್ನೂ ಕಂಡುದನ್ನೂ ವಾಚಕರ ಮುಂದೆ ಇಡುವೆನು.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಈತಿಬಾಧೆಗಳ ಗಣನೆಯನ್ನು ಬಾಯಿಪಾಠ ಮಾಡಿದ್ದುಂಟು: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡಿಚೆ, ಗಿಳಿ, ಕಡೆಯಲ್ಲಿ ಸಮೀಪಕ್ಕೆ ಬಂದಿಳಿದ ಅರಸರು. ಅರಸರನ್ನು ಇಲಿಗಳ ಸಾಲಿನಲ್ಲಿ ಕೂಡಿಸಿದ್ದಕ್ಕೆ ನಮಗೆ ಆಗ ನಗೆ ಬರುತ್ತಿತ್ತು. ಈ ಊರಿನ ಇತಿಹಾಸವನ್ನು ಓದಿದ ಮೇಲೆ ಆ ನಗೆ ನಿಂತುಹೋಯಿತು. 1685ರಲ್ಲಿ ಔರಂಗಜೇಬನ ಸೈನ್ಯವು ವಿಜಯಪುರವನ್ನು ಮುತ್ತಿತು. 1686ರ ಸೆಪ್ಟೆಂಬರ 12ರಂದು ಸಿಕಂದರ ಆದಿಲಶಹನು ಶರಣಾಗತನಾದನು. ಎರಡು ವರ್ಷಗಳ ತರುವಾಯ ಬಾದಶಹನ ಪಾಳೆಯವು ಮರಳಿ ಇಲ್ಲಿ ಇಳಿದಿದ್ದಾಗ ಭಯಂಕರವಾದ ಸಾಂಕ್ರಾಮಿಕವು ಹುಟ್ಟಿತು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ, ಕಿವಿಯ ಹಿಂದೆ ಗಂಟು ಏಳುವುದು, ಉರಿಜ್ವರ ಬರುವುದು ಎಂದು ಖಾಫೀ ಖಾನನು ಕೊಟ್ಟ ಲಕ್ಷಣಗಳನ್ನು ನೋಡಿದರೆ ಅದು ಗ್ರಂಥಿಜ್ವರವೆಂಬುದರಲ್ಲಿ ಸಂದೇಹವುಳಿಯದು. ಬಾದಶಹನ ಪತ್ನಿಯಾದ ಔರಂಗಾಬಾದೀ ಮಹಲಳು 1688ರ ನವೆಂಬರದಲ್ಲಿ ಇದೇ ಊರಿನಲ್ಲಿ ಅದಕ್ಕೆ ತುತ್ತಾದಳು; ಸೇನಾಪತಿ ಫಿರೋಜ ಜಂಗನು ಜೀವ ಉಳಿಸಿಕೊಂಡನಾದರೂ ಕಣ್ಣು ಕಳೆದುಕೊಂಡನು. ಸೈನ್ಯದೊಡನೆ ಬಂಡಿಗಟ್ಟಲೆ ಧಾನ್ಯ ಬರುವುದು, ಧಾನ್ಯದೊಡನೆ ಇಲಿ ಬರುವುದು. ಈತಿಗಳನ್ನು ಒಂದೇ ಸಾಲಿನಲ್ಲಿ ಎಣಿಸಿದ ಪ್ರಾಚೀನನು ನಮಗಿಂತ ತಿಳಿದವನೇ ಆಗಿದ್ದನು.

ಇಲಿಗೂ ಈ ರೋಗಕ್ಕೂ ಸಂಬಂಧವುಂಟೆಂಬುದು ಜನರ ಅನುಭವಕ್ಕೆ ಮೊದಲೇ ಬಂದಿತ್ತು. ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ, ಆಸಫ ಖಾನನ ಮಗಳ ಮನೆಯಂಗಳದಲ್ಲಿ ಮತ್ತೇರಿದಂತೆ ತಡವರಿಸುತ್ತಿದ್ದ ಇಲಿಯ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುವುದೆಂದು ಫ್ರೆಂಚ್ ವೈದ್ಯನಾದ ಸಿಮೋಂಡನು ಕರಾಚಿಯಲ್ಲಿ ತೋರಿಸಿಕೊಟ್ಟುದು 1898ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಮುಂಬಯಿಗೆ ಬಂದಿದ್ದ ಪ್ಲೇಗು ಅಷ್ಟರಲ್ಲಿ ನಮ್ಮ ಕನ್ನಡ ಜಿಲ್ಲೆಗಳಿಗೂ ಇಳಿದಿತ್ತು. ನಮ್ಮ ಅಜ್ಜಿಯು ಚಿಕ್ಕವಳಿದ್ದಾಗ ತಿಕೋಟಾದ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕಾಲ ಕಳೆದುದನ್ನು ಹೇಳುತ್ತಿದ್ದಳು. ತೊಲೆಯಿಂದ ಇಲಿ ಬಿತ್ತೆಂದರೆ ಮನೆ ಬಿಡತಕ್ಕದ್ದು. ಯಾವ ಜ್ಯೋತಿಷಿಯನ್ನೂ ಕೇಳುವ ಕಾರಣವಿರಲಿಲ್ಲ. ಊರಲ್ಲಿ ಓಣಿಗೊಂದರಂತೆ ಇದ್ದ ಒಲೆಗಳು ಹೊಲದಲ್ಲಿ ಎದುರುಬದುರಾದವು. ಒಬ್ಬರ ರೊಟ್ಟಿಯ ಬಡಿತವು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಒಂದು ಗುಡಿಸಲಲ್ಲಿ ಬಡಿತ ಕೇಳಿಸದಿದ್ದರೆ ಪಕ್ಕದವರು ಎದ್ದು ಹೋಗಿ ನೋಡುತ್ತಿದ್ದರಂತೆ.

ನಮ್ಮ ಪೂರ್ವಿಕರು ಇಲಿಯನ್ನು ದೂರವಿಟ್ಟ ಉಪಾಯವೆಂದರೆ ಹಗೇವು. ಡೋಣಿಯ ಕಣಿವೆಯ ಎರೆಭೂಮಿಯು ಒಂದು ವರ್ಷ ತುಂಬಿ ಕೊಡುವುದು, ಇನ್ನೊಂದು ವರ್ಷ ಏನನ್ನೂ ಕೊಡದು. ಆದುದರಿಂದ ಕೊಟ್ಟ ವರ್ಷದ ಜೋಳವನ್ನು ಕೊಡದ ವರ್ಷದ ಸಲುವಾಗಿ ಹೂಳಿಡುವುದು ಅವಶ್ಯವಾಗಿತ್ತು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಕುಣಿ ತೋಡಿ, ಒಳಗೆ ಸುತ್ತಲೂ ಒಣಹುಲ್ಲನ್ನು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣಿನಿಂದ ಮೆತ್ತುವರು. ಕಾಳೂ ಉಸಿರಾಡುವುದುಂಟು, ಮುಚ್ಚಿದ ಹಗೇವಿನ ಒಳಗಿನ ಪ್ರಾಣವಾಯುವು ಬೇಗನೆ ತೀರಿ, ಅಂಗಾರವಾಯುವು ತುಂಬಿ, ನುಸಿಯಾಗಲಿ ಇಲಿಯಾಗಲಿ ಅಲ್ಲಿ ಬದುಕುವಂತಿಲ್ಲ. ಮನುಷ್ಯನೂ ಬದುಕುವಂತಿಲ್ಲ. ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರದಿಂದ ಇಳಿದು ಮೇಲೆ ಬಾರದವರ ಸುದ್ದಿಯನ್ನು ಕೇಳಿಯೇ ನಾವು ಬೆಳೆದೆವು. ಇಳಿಯತಕ್ಕವನು ಕಾಳಿನ ಒಡೆಯನಾಗಿರುತ್ತಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಮನುಷ್ಯನ ಕಣಜವು ನೆಲದ ಕೆಳಗಿದ್ದಂತೆ ಇಲಿಯ ಕಣಜವೂ ನೆಲದ ಕೆಳಗೇ ಇತ್ತು. ಇದರ ವಿಷಯವಾಗಿ ಅತ್ಯಂತ ಬೆಲೆಯುಳ್ಳ ಬರಹವನ್ನು ಬಿಟ್ಟುಹೋದವನು ವಾಲ್ಟರ ಎಲಿಯಟ್ಟನು. ಕನ್ನಡ ಶಾಸನಗಳ ಪ್ರತಿಗಳನ್ನು ಕೂಡಿಹಾಕಿದವನೆಂದು ಆತನ ಹೆಸರು ಇತಿಹಾಸಪ್ರಿಯರಿಗೆ ಪರಿಚಿತವಾದುದೇ. ಧಾರವಾಡದ ಕಡೆಗೆ ಅಧಿಕಾರದಲ್ಲಿದ್ದಾಗ ಕಂಡ ಪ್ರಾಣಿಗಳ ಪಟ್ಟಿಯನ್ನು ಆತನು 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಆಗ ವಿಜಯಪುರವು ಸಾತಾರೆಯ ಮಹಾರಾಜರ ಸೀಮೆಗೆ ಸೇರಿತ್ತು. ಆದರೆ ಎರೆನೆಲವೂ ಅದರ ಇಲಿಗಳೂ ಎರಡೂ ಕಡೆಗೆ ಒಂದೇ. ಆತನು ಹೊಲದ ಇಲಿಗಳನ್ನು ನಮ್ಮ ಜನರ ಬಾಯಿಂದ ಕೇಳಿದ ಹೆಸರುಗಳಿಂದಲೇ ಕರೆದನು: ಕೋಕ್, ಗುಲಂಡಿ, ಮೆಟ್ಟಾಡ. ಕೊನೆಯದು ವಡ್ಡರ ಮಾತು. ಅದು ವಿಲಾಯತಿಗೆ ಹೋಗಿ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಮೆಲ್ಟಾಡ ಎಂಬ ರೂಪದಿಂದ ಇಂದಿಗೂ ನಿಂತಿದೆ. ಅಕ್ಷರ ತಪ್ಪಿದರೂ ಹೆಸರು ಉಳಿಯಿತಷ್ಟೆ.

ಮೆಟ್ಟಾಡವು ಬೇಸಗೆಯಲ್ಲಿ ಎರೆನೆಲದ ಬಿರುಕುಗಳಲ್ಲಿಯೇ ಸಂಸಾರ ಹೂಡುವುದೆಂದೂ, ಮುಂಗಾರಿನಲ್ಲಿ ಬಿರುಕುಗಳು ಕೂಡಿಕೊಂಡಾಗ ಅಸಂಖ್ಯವಾಗಿ ಸಾಯುವುದೆಂದೂ ಎಲಿಯಟ್ಟನು ಬರೆದಿದ್ದಾನೆ. 1826ರಲ್ಲಿ ಮುಂಗಾರು ಮೊದಲಿಗೆ ಸರಿಯಾಗಿ ಬೀಳಲಿಲ್ಲ; ಬಿರುಕುಗಳು ಮುಚ್ಚಲಿಲ್ಲ; ಇಲಿಗಳು ಉಳಿದವು. ಅವು ಬಿತ್ತಿದ ಬೀಜವನ್ನು ತಿಂದವು. ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆಗಳನ್ನು ಕಡಿದು ಕೆಡವಿದವು. ರೈತರು ಕಂದಾಯ ಕಟ್ಟಲಾರದೆ ಹೋದರು. ಆಗ ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ನು ಇಲಿಗೆ ಇಷ್ಟು ಅಳತೆಯ ಕಾಳು ಎಂದು ಗೊತ್ತುಮಾಡಿ, ಸಾವಿರಗಟ್ಟಲೆ ಕೊಲ್ಲಿಸಿದರಾದರೂ ಇಲಿಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲ.

ಕೋಕಿನ ವೃತ್ತಾಂತವು ಇನ್ನೂ ವಿಚಾರಾರ್ಹವಾದುದು. ಅದು ಒಂಟಿಯಾಗಿ ಬಾಳುವುದು. ದೊಡ್ಡ ಬಿಲ ತೋಡಿ ಸುಗ್ಗಿಯ ಕಾಲಕ್ಕೆ ಕಾಳನ್ನು, ಕೆಲವು ಸಲ ಇಡಿಯ ತೆನೆಗಳನ್ನೇ, ಕೂಡಿಡುವುದು. ಒಂದೊಂದು ಬಿಲದಲ್ಲಿ ಅರ್ಧ ಸೇರಿನ ವರೆಗೆ ಕಾಳು ಸಿಕ್ಕುವುದುಂಟೆಂದೂ, ವಡ್ಡರು ಆ ಬಿಲಗಳನ್ನು ಅಗೆದು, ಅನುಕೂಲವಾದ ಸ್ಥಳಗಳಲ್ಲಿ ಆ ಋತುವೆಲ್ಲ ಬಹುಮಟ್ಟಿಗೆ ಅದರಿಂದಲೇ ಹೊಟ್ಟೆ ಹೊರೆಯುವರೆಂದೂ ಎಲಿಯಟ್ಟನು ಹೇಳುತ್ತಾನೆ. ಪಂಚತಂತ್ರದಲ್ಲಿ ಸನ್ಯಾಸಿಯ ಭಿಕ್ಷಾಪಾತ್ರೆಗೆ ಹಾರುತ್ತಿದ್ದ ಹಿರಣ್ಯಕನ ಬಿಲವನ್ನು ಅತಿಥಿಯೊಬ್ಬನು ಅಗೆಯಿಸಿ ನಿಧಿಯನ್ನು ತೆಗೆದ ಕಥೆಯನ್ನು ನಾವೆಲ್ಲ ಓದಿರುವೆವು. ಸಂಚಯವು ಹೋದೊಡನೆ ಇಲಿಯ ಹಾರುವ ಬಲವೂ ಹೋಯಿತು, ಪರಿವಾರವೂ ಬಿಟ್ಟುಹೋಯಿತು. ಎರಡು ನೂರು ವರ್ಷಗಳ ಹಿಂದೆ ನಮ್ಮ ಹೊಲಗಳಲ್ಲಿ ಬಿಲ ಅಗೆದವರಿಗೆ ಸಿಕ್ಕಿದ ನಿಧಿಯೆಂದರೆ ಅರ್ಧ ಸೇರು ಜೋಳ. ಕೆರೆ ತೋಡಿ, ಒಡ್ಡು ಹಾಕಿ, ಹೊಲಕ್ಕೆ ನೀರು ನಿಲ್ಲಿಸಿದವರು ಆ ಹೊಲದ ಬೆಳೆಯನ್ನು ಇಲಿಯ ಕೈಯಿಂದ ಪಡೆಯಬೇಕಾಯಿತು. ಎಲಿಯಟ್ಟನು ಇದನ್ನು ಇಲಿಯ ಸ್ವಭಾವವರ್ಣನೆಯೆಂದು ಬರೆದನು. ನನಗೆ ಅದು ನಮ್ಮ ಸ್ವಭಾವವರ್ಣನೆಯಾಗಿ ತೋರುವುದು.

1876ರ ಬರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆಗ ಕಲಾದಗಿಯ ಹೆಸರಿನಲ್ಲಿದ್ದ ಈ ಜಿಲ್ಲೆಯಲ್ಲಿ 1872ರ ಗಣತಿಗೆ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜನರು 1881ರ ಗಣತಿಗೆ ಆರೂವರೆ ಲಕ್ಷದ ಒಳಗೆ ಇಳಿದಿದ್ದರು. ಬರವು ತೀರಿತೆನ್ನುವಷ್ಟರಲ್ಲಿ, 1879ರ ಸುಮಾರಿಗೆ, ದಖ್ಖನದ ಹೊಲಗಳ ಮೇಲೆ ಮತ್ತೆ ಇಲಿಯ ದಂಡು ಬಿದ್ದಿತು. ಸರಕಾರವು ಸತ್ತ ಇಲಿಗಳಿಗೆ ಬಹುಮಾನ ಕೊಡಬೇಕಾಯಿತು.

ಇನ್ನು ನಾನೇ ಕಂಡುದು. ನನ್ನ ಬಾಲ್ಯದಲ್ಲಿ ಎಳ್ಳ ಅಮಾವಾಸ್ಯೆಯ ದಿನ ನಮ್ಮ ಮನೆಯವರೂ ಇಷ್ಟಮಿತ್ರರೂ ಬಂಡಿ ಕಟ್ಟಿಕೊಂಡು ಬಬಲೇಶ್ವರದ ಹೊಲಕ್ಕೆ ಹೋಗುವುದು ವಾಡಿಕೆ. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಶೇಂಗಾದ ಹೋಳಿಗೆ, ಪುಂಡಿಯ ಪಲ್ಲೆ, ಬದನೆಯ ಭರ್ತ, ಕಡುಬು ಇವೆಲ್ಲ ಬುತ್ತಿಯಲ್ಲಿ ಇರುತ್ತಿದ್ದವು. ಮೊದಲು ಬನ್ನಿಯ ಗಿಡದ ಬುಡದಲ್ಲಿ ಪೂಜೆ. ತರುವಾಯ ಎಲ್ಲ ಪದಾರ್ಥಗಳನ್ನು ಕಲೆಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು. ಭೂಮಿತಾಯಿ ಉಂಡ ಮೇಲೆ ಹಕ್ಕಿಗೂ ಹುಳಕ್ಕೂ ಇಲಿಗೂ ಪಾಲುಂಟೆಂದು ಅಜ್ಜಿ ಹೇಳುತ್ತಿದ್ದಳು. ಆ ಮೇಲೆ ನಮ್ಮ ಪಂಕ್ತಿ. ಒಡ್ಡಿನ ಆಚೆಗೆ ಗುದ್ದಲಿ ಹಿಡಿದ ಒಂದು ಮುದುಕಿಯೂ ಅವಳ ಮೊಮ್ಮಗನೂ ನಿಂತಿರುತ್ತಿದ್ದರು. ಬಿಲ ಅಗೆಯುವುದಕ್ಕೆ ನಮ್ಮ ಅಜ್ಜನವರು ಎಂದೂ ಅಡ್ಡಿ ಮಾಡಲಿಲ್ಲ; ಇದನ್ನು ಅವರ ಔದಾರ್ಯವೆಂದು ನಾನು ಬಹುಕಾಲ ತಿಳಿದಿದ್ದೆನು. ನಮ್ಮ ಊಟವಾದ ಮೇಲೆ ಅವರಿಗೆ ರೊಟ್ಟಿಯನ್ನು ಒಡ್ಡಿನ ಮೇಲಿನಿಂದ ಕೊಡಲಾಗುತ್ತಿತ್ತು. ಆ ಹುಡುಗನು ಶಾಲೆಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತುಕೊಳ್ಳುವವನು. ಇಲಿಗೆ ಚೆಲ್ಲಿದ ಪಾಲು ನನ್ನ ಕಾಲ ಬಳಿಯೇ ಬೀಳುತ್ತಿತ್ತು. ಅವನ ಪಾಲು ಅಷ್ಟು ಹತ್ತಿರ ಬೀಳಲಿಲ್ಲ. ನಾನು ಆ ದಿನ ಏನೂ ಅನ್ನಲಿಲ್ಲ. ಮುಂದೆಯೂ ಬಹುದಿನ ಅನ್ನಲಿಲ್ಲ.

ನನಗೆ ಜೋಳದ ಚೀಲ ಕಳಿಸಿದವರು ಅವರೇ. ನೌಕರಿಯಲ್ಲಿ ಉಳಿಸಿದ ಹಣದಿಂದ ಅವರು ನಾಲ್ಕು ಎಕರೆ ಹೊಲವನ್ನು ಕೊಂಡುಕೊಂಡರು. ಈಗ ತಿಕೋಟಾದ ಕಡೆಗೆಲ್ಲ ದ್ರಾಕ್ಷಿಯ ಹಂದರಗಳು ಎದ್ದಿವೆ. ಇವರು ಮಾತ್ರ ಜೋಳವನ್ನು ಬಿಟ್ಟಿಲ್ಲ. ಈ ಸಲದ ಎಳ್ಳ ಅಮಾವಾಸ್ಯೆಗೆ ನಮ್ಮ ಮನೆಯವರೆಲ್ಲರೂ ಅವರ ಹೊಲಕ್ಕೆ ಹೋಗಿದ್ದೆವು. ಊಟದ ನಡುವೆ ನಾನು ಎಲಿಯಟ್ಟನ ಅರ್ಧ ಸೇರಿನ ಮಾತನ್ನು ತೆಗೆದೆನು. ಅವರು ರೊಟ್ಟಿ ಮುರಿಯುತ್ತ ನಕ್ಕು, "ನಿಮ್ಮ ಸಾಹೇಬನಿಗೆ ಬಡವ ಇಲಿ ಸಿಕ್ಕಿರಬೇಕು; ನಮ್ಮ ಆಯಿ ಒಂದು ಬಿಲಕ್ಕೆ ಸೇರು ತೆಗೆದವಳು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲಿ ಆರಿಸಿದ ಕಾಳಿನಲ್ಲಿ ಜೊಳ್ಳು ಇರುತ್ತಿರಲಿಲ್ಲ" ಎಂದೂ ಹೇಳಿದರು. ಒಡ್ಡಿನ ವಿಷಯವನ್ನು ಅವರು ಎತ್ತಲಿಲ್ಲ. ಬಹುದಿನದಿಂದ ಆಡಬೇಕೆಂದಿದ್ದ ಮಾತನ್ನು ನಾನು ಆಡಿದೆನು. ಅದನ್ನು ಇಲ್ಲಿ ಬರೆಯುವ ಕಾರಣವಿಲ್ಲ.

ನಮ್ಮ ಕಟ್ಟಡದ ಸಭೆಯ ನಿರ್ಣಯವನ್ನು ಕೇಳಿ ಅವರಿಗೆ ಸಿಟ್ಟೇನೂ ಬರಲಿಲ್ಲ. ಈಗ ಅವರು ಜೋಳವನ್ನು ಚೀಲದಲ್ಲಿ ಕಳಿಸುವುದಿಲ್ಲ. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಒಂದು ತಿಂಗಳಿಗೆ ಸಾಕಾಗುವಷ್ಟನ್ನು ತುಂಬಿ ತಾವೇ ಹೊತ್ತುಕೊಂಡು ಬರುವರು. ಮೂರು ಅಂತಸ್ತು ಏರಿ ಬಂದವರನ್ನು ಊಟವಿಲ್ಲದೆ ಕಳಿಸುವಂತಿಲ್ಲವಾದುದರಿಂದ, ಅವರು ಬರುವ ದಿನ ನಮ್ಮ ಮನೆಯಲ್ಲಿ ಹಿಟ್ಟು ಹೆಚ್ಚಾಗಿ ನಾದುವರು. ರೊಟ್ಟಿಯ ಬಡಿತವನ್ನು ಕೇಳಿ ನೆರೆಯವರ ಮಕ್ಕಳೂ ಬಾಗಿಲಲ್ಲಿ ಬಂದು ನಿಲ್ಲುವರು.