ಎರಡನೆಯ ವಿಮಾನದ ಆಯ್ಕೆ



ರೇಡಿಯೋ ನಿಯಂತ್ರಣದ ವಿದ್ಯುತ್ ಮಾದರಿ ವಿಮಾನವನ್ನು ಹಾರಿಸಲು ಕಲಿತವರ ಮುಂದೆ ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಮುಂದಿನ ವಿಮಾನ ಯಾವುದು? ಯುದ್ಧವಿಮಾನದಂತೆ ಕಾಣುವ, ಬಾಣದಂತೆ ಓಡುವ ಮಾದರಿಯ ಕಡೆಗೇ ಮನಸ್ಸು ಎಳೆಯುತ್ತದೆ. ಅದನ್ನು ತಂದು ಮೊದಲ ದಿನವೇ ಪುಡಿಮಾಡಿಕೊಂಡರೆ ಹಣವೂ ಹೋಯಿತು, ಉತ್ಸಾಹವೂ ಹೋಯಿತು. ಈ ಪ್ರಶ್ನೆಗೆ ವಿಮಾನಯಾನದ ಚರಿತ್ರೆಯಲ್ಲಿ ಉತ್ತರವಿದೆ. ಅದರ ಒಂದು ಭಾಗ ನಮ್ಮ ಕರ್ನಾಟಕದಲ್ಲೇ ನಡೆದದ್ದು.

1951ನೆಯ ಇಸವಿಯನ್ನು ನೋಡಿ. ಆ ವರ್ಷದ ಡಿಸೆಂಬರ್ 25ರಂದು ಬಜಪೆಯ ವಿಮಾನ ನಿಲ್ದಾಣ ಆರಂಭವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಅಲ್ಲಿ ಬಂದಿಳಿದರು. ಬಂಟ್ವಾಳ, ಮೂಡುಬಿದಿರೆಗಳ ಜನರಿಗೆ ವಿಮಾನವು ಹತ್ತಿರದ ನೋಟವಾದದ್ದು ಹೀಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ ಮೊದಲ ಬಾರಿಗೆ ಹಾರಿತು. ಪ್ರೊಪೆಲರ್ ಇದ್ದ ಈ ನಿಧಾನಗತಿಯ ವಿಮಾನದಲ್ಲಿ ಗುರು ಮತ್ತು ಶಿಷ್ಯ ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುತ್ತಿದ್ದರು.

ಎಚ್‌ಟಿ-2ರಲ್ಲಿ ಅಕ್ಷರಾಭ್ಯಾಸ ಮಾಡಿದವರನ್ನು ನೇರವಾಗಿ ಯುದ್ಧವಿಮಾನಕ್ಕೆ ಹತ್ತಿಸಲು ಸಾಧ್ಯವಿರಲಿಲ್ಲ. ನಡುವೆ ಒಂದು ಮೆಟ್ಟಿಲು ಬೇಕಾಗಿತ್ತು. ಆ ಮೆಟ್ಟಿಲಾಗಿ ಬಂದದ್ದು ಬೆಂಗಳೂರಿನಲ್ಲೇ ತಯಾರಾದ ಕಿರಣ್ ಎಂಬ ಜೆಟ್ ತರಬೇತಿ ವಿಮಾನ. ಅದು 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿತು. ಅದರ ವೇಗ ಎಚ್‌ಟಿ-2ರ ಮೂರು ಪಟ್ಟಿಗೂ ಹೆಚ್ಚು. ಆದರೆ ಇದರಲ್ಲಿ ಗುರುವಿನ ಆಸನ ಶಿಷ್ಯನ ಪಕ್ಕಕ್ಕೆ ಬಂದಿತ್ತು. ಕಷ್ಟ ಹೆಚ್ಚಿದಾಗ ನೆರವೂ ಹತ್ತಿರವಿರಬೇಕೆಂಬ ವಿವೇಕವನ್ನು ನಾವು ಇಲ್ಲಿ ಗಮನಿಸಬಹುದು. 1996ರಲ್ಲಿ ಬೀದರ್‌ನಲ್ಲಿ ಸ್ಥಾಪನೆಯಾದ ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡವೂ ಮೊದಲು ಹಾರಿದ್ದು ಇದೇ ಕಿರಣ್ ವಿಮಾನಗಳಲ್ಲಿ.

ಇನ್ನು ಮಾದರಿ ವಿಮಾನಗಳ ಚರಿತ್ರೆಗೆ ಬರೋಣ. 1871ರಲ್ಲಿ ಪ್ಯಾರಿಸ್‌ನಲ್ಲಿ ಅಲ್ಫಾನ್ಸ್ ಪೆನೋ ಎಂಬಾತ ತಿರುಚಿದ ರಬ್ಬರಿನ ಬಲದಿಂದ ಪುಟ್ಟ ವಿಮಾನವೊಂದನ್ನು 11 ಸೆಕೆಂಡುಗಳ ಕಾಲ ಹಾರಿಸಿದ. ಅದನ್ನು ನಡೆಸುವವರು ಯಾರೂ ಇರಲಿಲ್ಲ. ತನ್ನ ಸಮತೋಲವನ್ನು ಅದೇ ಕಾಯ್ದುಕೊಳ್ಳುವಂತೆ ಅದರ ರಚನೆಯಿತ್ತು. 1937ರಲ್ಲಿ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ತಮ್ಮ ಮಾದರಿಯನ್ನು ರೇಡಿಯೋ ಮೂಲಕ ನಿಯಂತ್ರಿಸಿದರು. 1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಅವರ 'ರೇಡಿಯೋ ಕ್ವೀನ್' ವಿದ್ಯುತ್ ಮೋಟಾರಿನಿಂದ ಹಾರಿತು. ಬೆಳ್ಳಿ ಮತ್ತು ಸತುವಿನ ಬ್ಯಾಟರಿ ಅದಕ್ಕೆ ಶಕ್ತಿ ಕೊಟ್ಟಿತು. ಹಗುರವಾದ ಲಿಥಿಯಂ ಪಾಲಿಮರ್ ಬ್ಯಾಟರಿ ಬಂದ ಮೇಲೆ ಈ ಹವ್ಯಾಸ ವಿದ್ಯಾರ್ಥಿಗಳ ಕೈಗೂ ಎಟುಕಿತು.

ಇಂದಿನ ಆರಂಭಿಕ ಮಾದರಿಗಳು ಪೆನೋನ ವಿಮಾನದ ವಂಶದವು ಎನ್ನಬಹುದು. ರೆಕ್ಕೆ ಮೇಲ್ಭಾಗದಲ್ಲಿದ್ದು, ಅದರ ತುದಿಗಳು ಮೇಲಕ್ಕೆ ಬಾಗಿರುತ್ತವೆ. ಕೈ ತಪ್ಪಿದರೂ ವಿಮಾನ ತಾನಾಗಿ ನೇರವಾಗುತ್ತದೆ. ಎರಡನೆಯ ವಿಮಾನದಲ್ಲಿ ರೆಕ್ಕೆಯ ಅಂಚಿನಲ್ಲಿ ಏಲೆರಾನ್ ಎಂಬ ಚಲಿಸುವ ಪಟ್ಟಿಗಳಿರಬೇಕು. ಇದು ಓರೆಯಾದರೆ ಓರೆಯಾಗಿಯೇ ಇರುತ್ತದೆ; ನೇರ ಮಾಡುವ ಹೊಣೆ ನಿಮ್ಮದು. ಈ ಹೊಸ ಪಾಠ ಒಂದೇ ಸಾಕು. ವೇಗವನ್ನೂ ಭಾರವನ್ನೂ ಅದರೊಂದಿಗೆ ಸೇರಿಸಿಕೊಳ್ಳಬಾರದು.

ಇದನ್ನು ಲೆಕ್ಕದಿಂದಲೇ ತಿಳಿಯಬಹುದು. 120 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್. ವಿಮಾನದ ತೂಕ 700 ಗ್ರಾಂ ಆದರೆ ಪ್ರತಿ ಚದರ ಡೆಸಿಮೀಟರಿನ ಮೇಲೆ ಸುಮಾರು 29 ಗ್ರಾಂ ಹೊರೆ. ರೆಕ್ಕೆ 100 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲವಿದ್ದು ತೂಕ 900 ಗ್ರಾಂ ಇದ್ದರೆ ಹೊರೆ 56 ಗ್ರಾಂ ಮೀರುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗವು ಈ ಹೊರೆಯ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಎರಡನೆಯದು ಮೊದಲಿನದಕ್ಕಿಂತ ಸುಮಾರು 1.4 ಪಟ್ಟು ವೇಗವಾಗಿ ನೆಲಕ್ಕಿಳಿಯಬೇಕು.

ನೆಲ ಎಲ್ಲಿದೆ ಎಂಬುದೂ ಮುಖ್ಯವೇ. ಬಂಟ್ವಾಳ, ಬೆಳ್ತಂಗಡಿಗಳ ಬೈಲುಗದ್ದೆಗಳ ಇಕ್ಕೆಲಗಳಲ್ಲಿ ಅಡಿಕೆ, ತೆಂಗಿನ ತೋಟಗಳು. ಕೊಯ್ಲಾದ ಗದ್ದೆಯ ಕೂಳೆಯಲ್ಲಿ ಪುಟ್ಟ ಚಕ್ರಗಳು ಸಿಕ್ಕಿಕೊಳ್ಳುತ್ತವೆ. ಮೂಡುಬಿದಿರೆಯ ಸುತ್ತಿನ ಪದವುಗಳು ವಿಶಾಲವಾದರೂ ಅಲ್ಲಿನ ಮುರಕಲ್ಲು ಒರಟು. ಕೈಯಿಂದ ಎಸೆದು ಹಾರಿಸಬಹುದಾದ, ಹೊಟ್ಟೆಯ ಮೇಲೆ ಇಳಿಯಬಲ್ಲ, ಮುರಿದರೆ ಅಂಟಿನಿಂದ ಸರಿಪಡಿಸಬಹುದಾದ ಫೋಮ್ ವಿಮಾನ ಈ ಸೀಮೆಗೆ ತಕ್ಕದ್ದು. ಹಳೆಯ ಬ್ಯಾಟರಿಯೇ ಅದಕ್ಕೂ ಹೊಂದಿದರೆ ಖರ್ಚು ಉಳಿಯುತ್ತದೆ. ಕಿರಣ್‌ನ ಪಕ್ಕದ ಆಸನದಂತೆ, ಅನುಭವಿಯ ಟ್ರಾನ್ಸ್‌ಮಿಟರಿಗೆ ನಿಮ್ಮದನ್ನು ಜೋಡಿಸಿ ಕಲಿಯುವ ಸೌಲಭ್ಯ ಸಿಕ್ಕರೆ ಬಿಡಬೇಡಿ.

ಕಾನೂನನ್ನೂ ಮರೆಯುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರಿನೊಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರಿನವರೆಗೆ ಅನುಮತಿಯಿಲ್ಲದೆ 200 ಅಡಿ ಮೀರುವಂತಿಲ್ಲ. ಬಂಟ್ವಾಳ ತಾಲ್ಲೂಕಿನ ಪಶ್ಚಿಮದ ಗ್ರಾಮಗಳು ಬಜಪೆಗೆ ಸಮೀಪವಿರುವುದರಿಂದ ಅಲ್ಲಿನವರು ಮೊದಲು ನಕ್ಷೆಯನ್ನು ನೋಡಬೇಕು. ಆ ನಿಲ್ದಾಣಕ್ಕೆ ಇಳಿಯುವ ವಿಮಾನದಲ್ಲಿ ನೂರಾರು ಜೀವಗಳಿರುತ್ತವೆ.

ಎಚ್‌ಟಿ-2 ಹಾರಿದ 13 ವರ್ಷಗಳ ನಂತರ ಕಿರಣ್ ಹಾರಿತು. ನಿಮಗೆ ಅಷ್ಟು ಕಾಲ ಬೇಕಿಲ್ಲ. ಮೊದಲ ವಿಮಾನವನ್ನು ಗುರುತು ಮಾಡಿದ ಜಾಗದಲ್ಲೇ ಹತ್ತು ಸಲ ಸುರಕ್ಷಿತವಾಗಿ ಇಳಿಸಿ. ಆಮೇಲೆ ಎರಡನೆಯದರ ಮಾತಾಡೋಣ.