ದೀರ್ಘಕಾಲದ ನೋವಿಗೆ ಔಷಧಿ ಸೇವಿಸುತ್ತಿರುವ ಮಹಿಳೆಯರು ಗರ್ಭಧಾರಣೆಗೆ ಮುನ್ನ ಹಾಗೂ ಗರ್ಭಾವಸ್ಥೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಮೂರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿಯುವ ನೋವನ್ನು ದೀರ್ಘಕಾಲದ ನೋವು ಎಂದು ಪರಿಗಣಿಸಲಾಗುತ್ತದೆ. ಸಂಧಿವಾತ, ಬೆನ್ನು ಮತ್ತು ಸೊಂಟದ ನೋವು, ಮೈಗ್ರೇನ್ ತಲೆನೋವು, ನರಗಳ ನೋವು ಇವುಗಳಲ್ಲಿ ಮುಖ್ಯವಾದವು. ಇಂತಹ ನೋವಿಗೆ ಪ್ರತಿನಿತ್ಯ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಕೆಲವರು ಗರ್ಭಿಣಿಯೆಂದು ತಿಳಿದ ದಿನವೇ ಎಲ್ಲ ಮಾತ್ರೆಗಳನ್ನು ನಿಲ್ಲಿಸಿಬಿಡುತ್ತಾರೆ. ಮತ್ತೆ ಕೆಲವರು ಯಾರಿಗೂ ತಿಳಿಸದೆ ಮುಂದುವರಿಸುತ್ತಾರೆ. ಇವೆರಡೂ ಸೂಕ್ತವಲ್ಲ. ಯಾವ ಔಷಧಿಯನ್ನು ನಿಲ್ಲಿಸಬೇಕು, ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಹಾಗೆಯೇ ಮುಂದುವರಿಸಬೇಕು ಎಂಬುದನ್ನು ಗರ್ಭಧಾರಣೆಗೆ ಮುನ್ನವೇ ವೈದ್ಯರೊಂದಿಗೆ ಸಮಾಲೋಚಿಸಿ ನಿರ್ಧರಿಸತಕ್ಕದ್ದು.

ಮುಂಚಿತವಾಗಿ ಸಮಾಲೋಚನೆ ಏಕೆ?

ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು, ಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್ ಪಡೆಯುವ ವೇಳೆಗೆ ಈ ಅವಧಿ ಬಹುತೇಕ ಮುಗಿದಿರುತ್ತದೆ. ಆದ್ದರಿಂದ ನಿತ್ಯ ಔಷಧಿ ಸೇವಿಸುವವರು ನೋಂದಣಿಯವರೆಗೆ ಕಾಯದೆ, ಮಗುವನ್ನು ಬಯಸುವುದಕ್ಕೆ ಮೂರರಿಂದ ಆರು ತಿಂಗಳು ಮೊದಲೇ ವೈದ್ಯರನ್ನು ಕಾಣುವುದು ಒಳಿತು. ಫೋಲಿಕ್ ಆಮ್ಲದ ಮಾತ್ರೆಯನ್ನು (ದಿನಕ್ಕೆ 400 ಮೈಕ್ರೋಗ್ರಾಂ) ಸಹ ಗರ್ಭಧಾರಣೆಗೆ ಮುನ್ನವೇ ಆರಂಭಿಸಬೇಕು. ಕೆಲವು ಔಷಧಿ ಸೇವಿಸುವವರಿಗೆ ವೈದ್ಯರು 5 ಮಿಲಿಗ್ರಾಂ ಪ್ರಮಾಣವನ್ನು ಸೂಚಿಸುತ್ತಾರೆ.

ಸಂಧಿವಾತದ ಔಷಧಿಗಳು

ವಾರಕ್ಕೊಮ್ಮೆ ಸೇವಿಸುವ ಮೆಥೋಟ್ರೆಕ್ಸೇಟ್ ಮಾತ್ರೆಯು ಗರ್ಭಪಾತಕ್ಕೂ ಮಗುವಿನ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ವೈದ್ಯರ ಸೂಚನೆಯಂತೆ ಇದನ್ನು ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮುನ್ನ ನಿಲ್ಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಗರ್ಭನಿರೋಧಕ ವಿಧಾನವನ್ನು ತಪ್ಪದೆ ಅನುಸರಿಸಬೇಕು. ಲೆಫ್ಲುನೊಮೈಡ್ ನಿಲ್ಲಿಸಿದ ನಂತರವೂ ಎರಡು ವರ್ಷಗಳವರೆಗೆ ದೇಹದಲ್ಲಿ ಉಳಿಯಬಹುದಾಗಿದ್ದು, ಅದನ್ನು ಹೊರಹಾಕಲು ಪ್ರತ್ಯೇಕ ಚಿಕಿತ್ಸೆ ಇರುತ್ತದೆ.

ಹಾಗೆಂದು ಸಂಧಿವಾತಕ್ಕೆ ಚಿಕಿತ್ಸೆಯನ್ನೇ ಕೈಬಿಡುವಂತಿಲ್ಲ. ಹತೋಟಿಯಲ್ಲಿಲ್ಲದ ಸಂಧಿವಾತದಿಂದ ಅವಧಿಪೂರ್ವ ಹೆರಿಗೆ ಹಾಗೂ ಕಡಿಮೆ ತೂಕದ ಮಗು ಜನಿಸುವ ಸಂಭವ ಹೆಚ್ಚುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸಲ್ಫಾಸಲಜೀನ್ ಗರ್ಭಾವಸ್ಥೆಯಲ್ಲಿಯೂ ಮುಂದುವರಿಸಬಹುದಾದ ಔಷಧಿಗಳಾಗಿದ್ದು, ವೈದ್ಯರು ಸಾಮಾನ್ಯವಾಗಿ ಇವುಗಳಿಗೆ ಬದಲಾಯಿಸುತ್ತಾರೆ. ಹೊಸ ಔಷಧಿಯಿಂದ ಕಾಯಿಲೆ ಹತೋಟಿಗೆ ಬಂದಿದೆಯೇ ಎಂದು ತಿಳಿಯಲು ಕೆಲವು ತಿಂಗಳು ಬೇಕಾಗುತ್ತದೆ. ಅನೇಕರಲ್ಲಿ ಗರ್ಭಾವಸ್ಥೆಯಲ್ಲಿ ಕೀಲುನೋವು ತಗ್ಗಿ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಮರುಕಳಿಸುತ್ತದೆ. ಬಾಣಂತನದಲ್ಲಿ ಮಗುವನ್ನು ಎತ್ತಿಕೊಳ್ಳಲು ನೆರವಾಗುವವರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಉಪಯುಕ್ತ.

ಸಾಮಾನ್ಯ ನೋವಿನ ಮಾತ್ರೆಗಳು

ಹೆಚ್ಚಿನ ಗೊಂದಲ ಉಂಟಾಗುವುದು ಇಲ್ಲಿಯೇ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ ಇವು ಒಂದೇ ಗುಂಪಿಗೆ ಸೇರಿದವು. ಇವುಗಳ ನಿರಂತರ ಸೇವನೆಯು ಅಂಡ ಬಿಡುಗಡೆಯನ್ನು ತಡೆಯಬಹುದಾದ್ದರಿಂದ ಮಗುವನ್ನು ಬಯಸುವವರು ವೈದ್ಯರಿಗೆ ತಿಳಿಸಬೇಕು. 20 ವಾರಗಳು ತುಂಬಿದ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಉಂಟುಮಾಡಿ ಗರ್ಭಜಲವನ್ನು ಕಡಿಮೆ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಎಚ್ಚರಿಸಿದೆ. ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅಕಾಲಿಕವಾಗಿ ಮುಚ್ಚಿಕೊಳ್ಳುವ ಅಪಾಯವೂ ಇದೆ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿರುವ ಮಾತ್ರೆಗಳು ಔಷಧಿ ಅಂಗಡಿಗಳಲ್ಲಿ ಬಹಳವಾಗಿ ಮಾರಾಟವಾಗುತ್ತವೆ. ಇವುಗಳನ್ನು ಬರೀ ಪ್ಯಾರಾಸಿಟಮಾಲ್ ಎಂದು ಭಾವಿಸಿ ನುಂಗುವ ಗರ್ಭಿಣಿಯರಿದ್ದಾರೆ. ಮಾತ್ರೆಯ ಪಟ್ಟಿಯ ಹಿಂಬದಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಔಷಧಾಂಶಗಳ ಹೆಸರನ್ನು ಓದಿಕೊಳ್ಳಬೇಕು, ಓದಲಾಗದಿದ್ದಲ್ಲಿ ಆಶಾ ಕಾರ್ಯಕರ್ತೆಯಿಂದ ಓದಿಸಿ ತಿಳಿದುಕೊಳ್ಳಬೇಕು.

ಅಧಿಕ ರಕ್ತದೊತ್ತಡದ ತೊಡಕನ್ನು ತಡೆಯಲು ವೈದ್ಯರು ಕೆಲವು ಗರ್ಭಿಣಿಯರಿಗೆ ನೀಡುವ ಅಲ್ಪ ಪ್ರಮಾಣದ ಆಸ್ಪಿರಿನ್ ಮಾತ್ರೆಗೆ ಮೇಲಿನ ಎಚ್ಚರಿಕೆ ಅನ್ವಯಿಸುವುದಿಲ್ಲ. ಅದನ್ನು ಸ್ವಂತವಾಗಿ ನಿಲ್ಲಿಸಬಾರದು.

ಪ್ಯಾರಾಸಿಟಮಾಲ್ ಗರ್ಭಾವಸ್ಥೆಯಲ್ಲಿ ನೋವಿಗೆ ಮೊದಲ ಆಯ್ಕೆಯ ಔಷಧಿಯಾಗಿದೆ. ಇದರಿಂದ ಮಕ್ಕಳಲ್ಲಿ ಆಟಿಸಂ ಉಂಟಾಗುತ್ತದೆಂದು 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಹೇಳಿಕೆಗಳು ಬಂದಾಗ, ಅಂತಹ ಸಂಬಂಧಕ್ಕೆ ಸ್ಥಿರವಾದ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿತು. ಆದರೂ ಅಗತ್ಯವಿದ್ದಷ್ಟೇ ಪ್ರಮಾಣದಲ್ಲಿ, ಅಗತ್ಯವಿದ್ದಷ್ಟೇ ದಿನ ಸೇವಿಸಬೇಕು. ದಿನಕ್ಕೆ 4 ಗ್ರಾಂ ಮೀರಬಾರದು.

ಮೈಗ್ರೇನ್ ಮತ್ತು ನರಗಳ ನೋವು

ಮೈಗ್ರೇನ್ ತಡೆಗೆ ನೀಡಲಾಗುವ ವಾಲ್‌ಪ್ರೊಯೇಟ್ ಅನ್ನು ಗರ್ಭಾವಸ್ಥೆಯಲ್ಲಿ ಸೇವಿಸಿದಲ್ಲಿ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಜನ್ಮಜಾತ ದೋಷ ಉಂಟಾಗುವ ಸಂಭವವಿದೆ. ಬುದ್ಧಿ ಬೆಳವಣಿಗೆಯ ಮೇಲೂ ಪರಿಣಾಮವಾಗುತ್ತದೆ. ಮೈಗ್ರೇನ್‌ಗಾಗಿ ಈ ಔಷಧಿಯನ್ನು ಗರ್ಭಿಣಿಯರಿಗೆ ನೀಡುವಂತಿಲ್ಲ. ಟೋಪಿರಮೇಟ್‌ನಿಂದ ಸೀಳು ತುಟಿಯ ಅಪಾಯ ಹೆಚ್ಚುತ್ತದೆ. ಎರ್ಗೋಟಮಿನ್ ಇರುವ ತಲೆನೋವಿನ ಮಾತ್ರೆಗಳೂ ನಿಷಿದ್ಧ. ಆದರೆ ಇದೇ ವಾಲ್‌ಪ್ರೊಯೇಟ್ ಅನ್ನು ಮೂರ್ಛೆ ರೋಗಕ್ಕಾಗಿ ಸೇವಿಸುತ್ತಿರುವವರು ಹಠಾತ್ತನೆ ನಿಲ್ಲಿಸಿದಲ್ಲಿ ಪ್ರಾಣಾಪಾಯವಾಗಬಹುದು. ಅವರು ಔಷಧಿ ಮುಂದುವರಿಸುತ್ತಲೇ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಟ್ರಮಡಾಲ್ ಸೇವಿಸುವವರಿಗೂ ಒಮ್ಮೆಲೇ ನಿಲ್ಲಿಸುವುದು ಸಲ್ಲದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುತ್ತಾರೆ. ಟ್ರಮಡಾಲ್ ಅನ್ನು ಹೆರಿಗೆಯವರೆಗೂ ಸೇವಿಸಿದ್ದಲ್ಲಿ ನವಜಾತ ಶಿಶುವಿಗೆ ನಡುಕ, ಅತಿಯಾದ ಅಳು, ಉಸಿರಾಟದ ತೊಂದರೆ ಕಾಣಿಸಬಹುದಾದ್ದರಿಂದ ಹೆರಿಗೆ ಆಸ್ಪತ್ರೆಗೆ ಈ ವಿಷಯವನ್ನು ಮುಚ್ಚಿಡಬಾರದು.

ನಾಟಿ ಔಷಧಿ ಹಾಗೂ ಭಸ್ಮಗಳು ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. ಇಂತಹ ಕೆಲವು ಔಷಧಿಗಳಲ್ಲಿ ಸೀಸ, ಪಾದರಸದ ಅಂಶ ಪತ್ತೆಯಾಗಿದೆ. ಬಿಸಿ ಶಾಖ, ಫಿಸಿಯೋಥೆರಪಿ, ಲಘು ನಡಿಗೆಗಳಿಂದ ಬೆನ್ನುನೋವಿನಲ್ಲಿ ಮಾತ್ರೆಯ ಅಗತ್ಯ ಕಡಿಮೆಯಾಗುವುದುಂಟು.

ತಿಳಿಯದೆ ಸೇವಿಸಿದ್ದಲ್ಲಿ

ಗರ್ಭಿಣಿಯೆಂದು ತಿಳಿಯುವ ಮುನ್ನ ನೋವಿನ ಮಾತ್ರೆ ಸೇವಿಸಿದ ಮಾತ್ರಕ್ಕೆ ಗರ್ಭಪಾತ ಮಾಡಿಸಿಕೊಳ್ಳಬೇಕೆಂದಿಲ್ಲ. ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಬಾರಿ ಸೇವಿಸಿದ ದಿನಾಂಕ ಮತ್ತು ಕೊನೆಯ ಮುಟ್ಟಿನ ದಿನಾಂಕವನ್ನು ವೈದ್ಯರಿಗೆ ತಿಳಿಸಿದಲ್ಲಿ ಅವರು ಸ್ಕ್ಯಾನಿಂಗ್ ಮೊದಲಾದ ಮುಂದಿನ ಕ್ರಮ ಸೂಚಿಸುತ್ತಾರೆ. ಮೆಥೋಟ್ರೆಕ್ಸೇಟ್ ಅಥವಾ ಲೆಫ್ಲುನೊಮೈಡ್ ಆಗಿದ್ದಲ್ಲಿ ಮುಂದಿನ ಮಾತ್ರೆ ಸೇವಿಸದೆ ಅದೇ ದಿನ ವೈದ್ಯರನ್ನು ಕಾಣಬೇಕು.

ಸೇವೆ ದೊರೆಯುವ ಸ್ಥಳ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಸಮಾಲೋಚಿಸಬಹುದು. ನಾಲ್ಕನೇ ತಿಂಗಳಿನಿಂದ ಗರ್ಭಿಣಿಯರಿಗೆ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ (2016) ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಸಲಾಗುತ್ತದೆ. ಬರುವಾಗ ತಾಯಿ ಕಾರ್ಡ್, ಹಳೆಯ ಔಷಧಿ ಚೀಟಿಗಳು ಹಾಗೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಖಾಲಿಯಾಗಿದ್ದರೂ ಸಹ, ತರತಕ್ಕದ್ದು. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡ ಮಾತ್ರೆಗೆ ಬೇರೆ ದಾಖಲೆಯೇ ಇರುವುದಿಲ್ಲ. ಕರ್ನಾಟಕದಲ್ಲಿ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.